ಕಳಚಿಡುವ ಲಗೇಜ್ ಕ್ಯಾರಿಯರ್: ದಿನಾ ಬೈಕಲ್ಲಿ ಆಫೀಸಿಗೆ ಹೋಗುವವರು ಯಾವುದನ್ನು ಕೊಳ್ಳಬೇಕು?

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ‘ತೆಗೆದು ಹಾಕೋ ಕ್ಯಾರಿಯರ್ ಇದೆಯಾ’ ಎಂದು ಕೇಳಿದರೆ ಕೌಂಟರಿನ ಮೇಲೆ ಬಂದು ಕೂರುವ ಸಾಮಾನುಗಳು ಒಂದೇ ಜಾತಿಯವಲ್ಲ. ನಾಲ್ಕು ಬೋಲ್ಟು ಬಿಚ್ಚಿ ತೆಗೆಯುವುದು ಒಂದು. ಕೈಯಲ್ಲೇ ತಿರುಗಿಸುವ ನಾಬ್ ಇರುವುದು ಇನ್ನೊಂದು. ಕಾಲು ಸುತ್ತು ತಿರುಗಿಸಿದರೆ ಬಿಟ್ಟುಕೊಳ್ಳುವ ಲಾಕ್ ಇರುವುದು ಮೂರನೆಯದು. ಚೌಕಟ್ಟು ಬೈಕಿನಲ್ಲೇ ಉಳಿದು ಬಾಕ್ಸ್ ಮಾತ್ರ ಕೀಲಿಯಿಂದ ಕಳಚಿಬರುವುದು ನಾಲ್ಕನೆಯದು. ನಾಲ್ಕನ್ನೂ ‘ರಿಮೂವಬಲ್’ ಎಂದೇ ಮಾರುತ್ತಾರೆ. ಎಷ್ಟು ಬೇಗ ಕಳಚಬಹುದು ಎಂಬುದನ್ನು ಅಂಗಡಿಯವರು ಉತ್ಸಾಹದಿಂದ ತೋರಿಸುತ್ತಾರೆ. ಕೊಳ್ಳುವವರು ನೋಡಬೇಕಾದ್ದು ಬೇರೆ: ಕಳಚಿ ಮತ್ತೆ ಹಾಕಿದ ಮೇಲೆ ಮೊದಲಿದ್ದ ಬಿಗಿಯೇ ಬರುತ್ತದೆಯೇ? ನೂರು ಸಲ ಹಾಕಿ ತೆಗೆದ ಮೇಲೂ ಬರುತ್ತದೆಯೇ? ಈ ಒಂದು ಪ್ರಶ್ನೆ ಹಿಡಿದು ನೋಡಿದರೆ ಮಾರುಕಟ್ಟೆಯ ಅರ್ಧ ಮಾಲು ಬದಿಗೆ ಸರಿಯುತ್ತದೆ.

ಅದಕ್ಕೂ ಮೊದಲು ನಿಮಗೆ ಕಳಚುವ ಕ್ಯಾರಿಯರ್ ನಿಜಕ್ಕೂ ಬೇಕೇ ಎಂದು ಯೋಚಿಸಿ. ಬೆಳಗ್ಗೆ ಲ್ಯಾಪ್‌ಟಾಪ್, ಊಟದ ಡಬ್ಬಿ, ರೇನ್‌ಕೋಟು. ಸಂಜೆ ಅದೇ ಸೀಟಿನಲ್ಲಿ ಮನೆಯವರು. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಹಿಂದೆ ಒಂದಡಿ ಜಾಸ್ತಿ ಚಾಚಿದರೂ ಪಕ್ಕದವರ ಕಾರಿಗೆ ತಾಗುತ್ತದೆ. ಇಂಥ ಪರಿಸ್ಥಿತಿಯಲ್ಲಿದ್ದರೆ ಬೇಕು. ಹಾಗಲ್ಲದೆ ವಾರಪೂರ್ತಿ ಹೇರು ಹೊತ್ತೇ ಓಡಾಡುವವರು, ತಿಂಗಳಿಗೊಮ್ಮೆಯೂ ತೆಗೆಯದವರು, ಬೋಲ್ಟು ಹಾಕಿ ಕೂರಿಸುವ ಮಾಮೂಲಿ ಕ್ಯಾರಿಯರನ್ನೇ ಕೊಳ್ಳಲಿ. ಬೆಲೆಯೂ ಕಡಿಮೆ, ಗಟ್ಟಿತನವೂ ಹೆಚ್ಚು. ಕಳಚುವ ವ್ಯವಸ್ಥೆಯಲ್ಲಿ ಬಿಡಿಭಾಗಗಳು ಹೆಚ್ಚು, ಸವೆಯುವ ಜಾಗಗಳೂ ಹೆಚ್ಚು. ಬಳಸದ ಅನುಕೂಲಕ್ಕೆ ಹಣ ಕೊಟ್ಟು ಗಲಗಲ ಸದ್ದನ್ನು ಮನೆಗೆ ತರಬೇಕಾಗಿಲ್ಲ.

ಮೊದಲು ಬೋಲ್ಟಿನ ಬಗೆ. ಇದರಲ್ಲಿ ಕ್ಯಾರಿಯರ್ ಗಟ್ಟಿಯಾಗಿಯೇ ಕೂರುತ್ತದೆ. ತೊಂದರೆ ಇರುವುದು ಬೈಕಿನ ಕಡೆಯಲ್ಲಿ. ಗ್ರ್ಯಾಬ್ ರೈಲಿನ (ಹಿಂದೆ ಕೂತವರು ಹಿಡಿಯುವ ಕಂಬಿಯ) ಬೋಲ್ಟು ಕೂರುವ ನಟ್ಟನ್ನು ಫ್ರೇಮಿಗೇ ವೆಲ್ಡ್ ಮಾಡಿರುತ್ತಾರೆ. ವಾರಕ್ಕೊಮ್ಮೆ ಬಿಚ್ಚಿ ಹಾಕುತ್ತಾ ಹೋದರೆ ಆ ನಟ್ಟಿನ ಮರೆ (ಥ್ರೆಡ್) ಸವೆಯುತ್ತದೆ. ಬೋಲ್ಟು ಒಂದು ಸಲ ಓರೆಯಾಗಿ ಏರಿದರೂ ಸಾಕು, ಮರೆ ಹಾಳು. ಆಮೇಲೆ ಟ್ಯಾಪ್ ಹಾಕಿಸಿ ಮರೆಯನ್ನು ಹೊಸದಾಗಿ ಕೊರೆಸುವುದೋ ಹೆಲಿಕಾಯಿಲ್ (ಹಾಳಾದ ಮರೆಯ ಜಾಗಕ್ಕೆ ಹಾಕುವ ತಂತಿ ಸುರುಳಿ) ಕೂರಿಸುವುದೋ ಆಗಬೇಕು. ಈ ಬಗೆಯನ್ನೇ ತೆಗೆದುಕೊಳ್ಳುವುದಾದರೆ ಒಂದು ಉಪಾಯವಿದೆ: ಫ್ರೇಮಿನ ನಟ್ಟಿಗೆ ಬೋಲ್ಟಿನ ಬದಲು ಸ್ಟಡ್ (ತಲೆಯಿಲ್ಲದ, ಮರೆಯಿರುವ ಕಂಬಿ) ಹಾಕಿಸಿ, ಲಾಕ್‌ಟೈಟ್ 243 (ಮರೆ ಸಡಿಲಾಗದಂತೆ ಹಿಡಿಯುವ ಅಂಟು) ಹಚ್ಚಿ ಅಲ್ಲೇ ಬಿಗಿಯಾಗಿ ಕೂರಿಸಿಬಿಡಿ. ಕ್ಯಾರಿಯರನ್ನು ಹೊರಗಡೆಯಿಂದ ನಟ್ಟಿನಲ್ಲಿ ಬಿಗಿಯಿರಿ. ಇನ್ನು ಮುಂದೆ ಸವೆಯುವುದು ಸುಲಭವಾಗಿ ಬದಲಿಸಬಹುದಾದ ನಟ್ಟು, ಫ್ರೇಮಲ್ಲ. ನಟ್ಟು ನೈಲಾಕ್ ಆಗಿದ್ದರೆ ಒಳಗಿನ ನೈಲಾನ್ ಬಳೆ ಕೆಲವೇ ಸಲಕ್ಕೆ ಹಿಡಿತ ಬಿಡುತ್ತದೆ. ಮರೆಯ ತುದಿ ನೈಲಾನ್ ದಾಟುವಾಗಲೂ ಬೆರಳಿನಲ್ಲೇ ಸಲೀಸಾಗಿ ತಿರುಗಿತೆಂದರೆ ಆ ನಟ್ಟನ್ನು ಎಸೆಯಿರಿ.

ನಾಬ್ ಇರುವುದು ನೋಡಲು ಅತ್ಯಂತ ಅನುಕೂಲ, ನಂಬಲು ಅತ್ಯಂತ ಕಷ್ಟ. ಎಂ8 (8 ಮಿ.ಮೀ. ದಪ್ಪದ) ಬೋಲ್ಟನ್ನು ಸ್ಪ್ಯಾನರಿನಿಂದ 22ರಿಂದ 25 ನ್ಯೂಟನ್ ಮೀಟರ್‌ವರೆಗೆ ಬಿಗಿಯಬಹುದು. ಬೆರಳುಗಳಲ್ಲಿ ಹಿಡಿದು ತಿರುಗಿಸುವ ಪುಟ್ಟ ನಾಬಿನಲ್ಲಿ ಅದರ ಐದನೇ ಒಂದು ಪಾಲು ಬಿಗಿ ಬರುವುದೂ ಕಷ್ಟ. ಬಿಗಿ ಸಾಲದೆ ಹೋದಾಗ ಕ್ಯಾರಿಯರಿನ ಪಟ್ಟಿ ಬೋಲ್ಟಿನ ಕೆಳಗೆ ಕೂದಲೆಳೆಯಷ್ಟು ಜಾರಲು ಶುರುಮಾಡುತ್ತದೆ. ಹಂಪ್ ಹಾರಿದಾಗಲೊಮ್ಮೆ, ಗುಂಡಿಗೆ ಬಿದ್ದಾಗಲೊಮ್ಮೆ ಜಾರಿ ಜಾರಿ ದುಂಡಗಿದ್ದ ತೂತು ಮೊಟ್ಟೆಯಾಕಾರಕ್ಕೆ ಬರುತ್ತದೆ. ಅಲ್ಲಿಂದಾಚೆಗೆ ಎಷ್ಟು ಬಿಗಿದರೂ ಸದ್ದು ನಿಲ್ಲುವುದಿಲ್ಲ. ಸ್ಪ್ರಿಂಗ್ ವಾಷರ್ ಹಾಕಿದರೆ ಸರಿಹೋಗುತ್ತದೆ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅಡ್ಡ ಜಾರುವ ಅದಿರಾಟವನ್ನು ಸ್ಪ್ರಿಂಗ್ ವಾಷರ್ ತಡೆಯುವುದಿಲ್ಲ. ನಾಬ್ ಬಗೆಯನ್ನು ಮೂರು ನಾಲ್ಕು ಕಿಲೋ ಮೀರದ ಬಟ್ಟೆ ಬ್ಯಾಗಿಗೆ, ಅದೂ ನಾಬಿನ ತುದಿಯಲ್ಲಿ ಆರ್-ಪಿನ್ (ನಾಬ್ ಬಿಚ್ಚಿಬೀಳದಂತೆ ತಡೆಯುವ ತಂತಿ ಪಿನ್) ಸಿಕ್ಕಿಸುವ ತೂತು ಇದ್ದರೆ ಮಾತ್ರ ಒಪ್ಪಬಹುದು. ಗಟ್ಟಿ ಬಾಕ್ಸ್ ಹೊರಿಸಲು ಇದು ಬೇಡವೇ ಬೇಡ.

ಮೂರನೆಯದು ಕಳಚುವ ಕ್ಯಾರಿಯರ್ ಎಂಬ ಹೆಸರಿಗೆ ತಕ್ಕದ್ದು. ಬೈಕಿನ ಕಡೆ ಮೂರೋ ನಾಲ್ಕೋ ಗುಬುಟುಗಳು ಶಾಶ್ವತವಾಗಿ ಉಳಿಯುತ್ತವೆ. ಅವುಗಳ ಮೇಲೆ ರಬ್ಬರ್ ಬುಶ್ (ಬಳೆ). ಕ್ಯಾರಿಯರಿನ ಕೊಕ್ಕೆಗಳು ಆ ಬುಶ್‌ಗಳ ಮೇಲೆ ಜಾರಿ ಕೂರುತ್ತವೆ, ಕೊನೆಗೊಂದು ಲಾಕ್ ತಿರುಗಿಸಿದರೆ ಮುಗಿಯಿತು. ಹಾರ್ಲೆ-ಡೇವಿಡ್‌ಸನ್‌ನವರ ‘ಹೋಲ್ಡ್‌ಫಾಸ್ಟ್’ ಸರಣಿ ಇದೇ ತತ್ವದ್ದು. ಜರ್ಮನಿಯ ಎಸ್‌ಡಬ್ಲ್ಯು-ಮೋಟೆಕ್ ತನ್ನ ಸೈಡ್ ಕ್ಯಾರಿಯರ್‌ಗಳಿಗೆ ಕಾಲು ಸುತ್ತಿನ ಲಾಕ್ ಕೊಡುತ್ತದೆ. ಇದು ಒಳ್ಳೆಯದಾಗಲು ಕಾರಣ ಸರಳ: ಭಾರ ಹೊರುವುದು ಗುಬುಟು, ಲಾಕ್ ಅಲ್ಲ. ಲಾಕಿನ ಕೆಲಸ ಕ್ಯಾರಿಯರ್ ಮೇಲೇಳದಂತೆ, ಹಿಂದೆ ಜಾರದಂತೆ ತಡೆಯುವುದಷ್ಟೇ. ಆದ್ದರಿಂದ ಬಿಗಿ ನಿಮ್ಮ ಕೈಬಲವನ್ನು ಅವಲಂಬಿಸಿಲ್ಲ, ಬುಶ್ಶಿನ ಅಳತೆಯನ್ನು ಅವಲಂಬಿಸಿದೆ.

ಊರಿನ ವೆಲ್ಡಿಂಗ್ ಶಾಪುಗಳಲ್ಲಿ ಇದರ ನಕಲುಗಳು ತಯಾರಾಗುತ್ತವೆ, ಕೆಲವು ಚೆನ್ನಾಗಿಯೂ ಇರುತ್ತವೆ. ಒಳ್ಳೆಯದನ್ನು ಗುರುತಿಸುವುದು ಹೀಗೆ: ಲಾಕ್ ಹಾಕದೆ ಕ್ಯಾರಿಯರನ್ನು ಗುಬುಟುಗಳ ಮೇಲೆ ಕೂರಿಸಿ, ಹಿಂತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಲಾಕ್ ಇಲ್ಲದೆಯೂ ಪಕ್ಕಕ್ಕೆ ಅಲ್ಲಾಡಬಾರದು. ಲಾಕ್ ಹಾಕಿದಾಗ ಮಾತ್ರ ನಿಲ್ಲುವುದಾದರೆ ಲಾಕೇ ಭಾರ ಹೊರುತ್ತಿದೆ ಎಂದರ್ಥ, ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಬುಶ್ ರಬ್ಬರಿನದೋ ಪಾಲಿಯುರೆಥೇನ್‌ನದೋ ಇರಲಿ. ಗಟ್ಟಿ ನೈಲಾನ್ ಆದರೆ ಎಂಜಿನ್ನಿನ ಅದಿರಾಟ ಹಾಗೇ ಮೇಲಕ್ಕೆ ಬರುತ್ತದೆ. ಬುಶ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ, ಒಂದು ಜೊತೆ ಅಂದೇ ಕೊಂಡಿಡಿ. ಬಿಸಿಲು, ಪೆಟ್ರೋಲು, ಚೈನ್ ಲ್ಯೂಬ್ ಮೂರೂ ರಬ್ಬರಿಗೆ ಶತ್ರುಗಳು. ಈ ಬಗೆಯ ಕೊರತೆ ಕಳ್ಳತನ. ಕೀಲಿ ಇಲ್ಲದ ಲಾಕ್ ನಿಮಗೆಷ್ಟು ಸುಲಭವೋ ದಾರಿಹೋಕರಿಗೂ ಅಷ್ಟೇ ಸುಲಭ. ಮೆಟ್ರೋ ಸ್ಟೇಷನ್ನಿನ ಹೊರಗೆ ದಿನವಿಡೀ ನಿಲ್ಲಿಸುವವರು ಕೀಲಿ ಇರುವುದನ್ನೇ ಹುಡುಕಬೇಕು.

ಆದರೂ ದಿನನಿತ್ಯದ ಆಫೀಸ್ ಓಡಾಟಕ್ಕೆ ಹೆಚ್ಚಿನವರಿಗೆ ನಾಲ್ಕನೆಯದೇ ಸರಿ. ಚೌಕಟ್ಟು ಸದಾ ಬೋಲ್ಟಿನಲ್ಲಿ ಬಿಗಿಯಾಗಿರುತ್ತದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಕಳಚುವುದು ಬಾಕ್ಸ್ ಮಾತ್ರ. ಬಾಕ್ಸ್ ತೆಗೆದ ಮೇಲೆ ಉಳಿಯುವುದು ಬರೀ ಪ್ಲೇಟು, ಅದು ಪಾರ್ಕಿಂಗಿಗೂ ಅಡ್ಡಿಯಿಲ್ಲ, ಹಿಂದೆ ಕೂರುವವರ ಬೆನ್ನಿಗೂ ಚುಚ್ಚುವುದಿಲ್ಲ. ಇಟಲಿಯ ಗಿವಿ, ಸ್ಪೇನಿನ ಶ್ಯಾಡ್ ಇವೆರಡೂ ಈ ಪದ್ಧತಿಯವು. ಗಿವಿಯಲ್ಲಿ ಎರಡು ಜಾತಿ ಇರುವುದನ್ನು ಗಮನಿಸದೆ ಕೊಂಡವರು ಕಷ್ಟಪಡುತ್ತಾರೆ: ಮೊನೊಲಾಕ್ ಮತ್ತು ಮೊನೊಕೀ. ಒಂದರ ಬಾಕ್ಸ್ ಇನ್ನೊಂದರ ಪ್ಲೇಟಿಗೆ ಕೂರುವುದಿಲ್ಲ. ಮೊನೊಲಾಕ್ ಬಾಕ್ಸ್‌ಗಳಿಗೆ ಕಂಪನಿ ಸಾಮಾನ್ಯವಾಗಿ ಹಾಕುವ ಮಿತಿ 3 ಕಿಲೋ, ಮೊನೊಕೀಗೆ 10 ಕಿಲೋ. ಲ್ಯಾಪ್‌ಟಾಪು, ಚಾರ್ಜರು, ಡಬ್ಬಿ, ಒಂದು ಲೀಟರ್ ನೀರು, ರೇನ್‌ಕೋಟು ಸೇರಿದರೆ ಐದಾರು ಕಿಲೋ ಆಗಿಯೇ ಆಗುತ್ತದೆ. ಲೀಟರ್ ನೋಡಿ ಬಾಕ್ಸ್ ಆರಿಸುವವರು ಕಿಲೋ ನೋಡುವುದನ್ನು ಮರೆಯುತ್ತಾರೆ. ಬಾಕ್ಸಿನ ಮಿತಿ, ಪ್ಲೇಟಿನ ಮಿತಿ, ಕ್ಯಾರಿಯರಿನ ಮಿತಿ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ. ಹಾಗೆಯೇ, ಈ ಮಿತಿಯಲ್ಲಿ ಬಾಕ್ಸಿನ ಸ್ವಂತ ತೂಕ ಸೇರಿದೆಯೇ ಎಂಬುದನ್ನು ಕೈಪಿಡಿಯಲ್ಲಿ ಓದಿ ಖಚಿತ ಮಾಡಿಕೊಳ್ಳಿ.

ಭಾರದ ಲೆಕ್ಕ ಯಾಕಿಷ್ಟು ಮುಖ್ಯವೆಂದರೆ, ಹಿಂದಕ್ಕೆ ಚಾಚಿದ ಕ್ಯಾರಿಯರ್ ತನ್ನ ಬೋಲ್ಟುಗಳನ್ನು ಮೀಟುಗೋಲಿನಂತೆ ಎಳೆಯುತ್ತದೆ. ಬಾಕ್ಸೂ ಸಾಮಾನೂ ಸೇರಿ 10 ಕಿಲೋ, ಅದರ ಮಧ್ಯಬಿಂದು ಹಿಂದಿನ ಬೋಲ್ಟಿನಿಂದ 25 ಸೆಂ.ಮೀ. ಆಚೆ ಇದೆ ಎಂದುಕೊಳ್ಳಿ. ಗುಂಡಿಗೆ ಇಳಿದಾಗ ಆ ಭಾರ ಕ್ಷಣಕಾಲ ಮೂರು ಪಟ್ಟಾಯಿತೆಂದರೆ 30 ಕಿಲೋ. ಮುಂದಿನ ಬೋಲ್ಟಿಗೂ ಹಿಂದಿನ ಬೋಲ್ಟಿಗೂ ನಡುವೆ 6 ಸೆಂ.ಮೀ. ಅಂತರವಿದ್ದರೆ ಮುಂದಿನ ಜೋಡಿ ಬೋಲ್ಟುಗಳ ಮೇಲೆ ಬೀಳುವ ಎಳೆತ 125 ಕಿಲೋ. ಅದೇ ಅಂತರ 15 ಸೆಂ.ಮೀ. ಆದರೆ ಎಳೆತ 50 ಕಿಲೋಗೆ ಇಳಿಯುತ್ತದೆ. ಕಬ್ಬಿಣ ಎಷ್ಟು ದಪ್ಪ ಎನ್ನುವುದಕ್ಕಿಂತ ಹಿಡಿತದ ಜಾಗಗಳು ಎಷ್ಟು ದೂರ ದೂರ ಇವೆ ಎನ್ನುವುದೇ ಕ್ಯಾರಿಯರಿನ ಆಯಸ್ಸನ್ನು ತೀರ್ಮಾನಿಸುತ್ತದೆ. ಅಂಗಡಿಗೆ ಟೇಪು ಹಿಡಿದು ಹೋಗಿ ಈ ಒಂದು ಅಳತೆ ತೆಗೆದರೆ ಅರ್ಧ ಕೆಲಸ ಆದಂತೆ.

ಬೈಕಿನ ಓಟದ ಮೇಲೂ ಇದರ ಪರಿಣಾಮವಿದೆ. ಹಿಂದಿನ ಆಕ್ಸಲ್‌ನಿಂದ 30 ಸೆಂ.ಮೀ. ಹಿಂದೆ 10 ಕಿಲೋ ಇಟ್ಟರೆ, ಚಕ್ರದಿಂದ ಚಕ್ರಕ್ಕೆ 1236 ಮಿ.ಮೀ. ವೀಲ್‌ಬೇಸಿನ ಸ್ಪ್ಲೆಂಡರ್ ಪ್ಲಸ್‌ನಲ್ಲಿ ಮುಂದಿನ ಚಕ್ರದ ಮೇಲಿನ ಭಾರ ಸುಮಾರು 2.4 ಕಿಲೋ ಕಡಿಮೆಯಾಗುತ್ತದೆ, ಹಿಂದಿನದರ ಮೇಲೆ 12.4 ಕಿಲೋ ಏರುತ್ತದೆ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ಯ 1390 ಮಿ.ಮೀ. ವೀಲ್‌ಬೇಸಿನಲ್ಲಿ ಇಳಿಕೆ 2.2 ಕಿಲೋ, ಬೈಕೇ 195 ಕಿಲೋ ಇರುವುದರಿಂದ ಅದು ಗೊತ್ತೂ ಆಗುವುದಿಲ್ಲ. 112 ಕಿಲೋದ ಸ್ಪ್ಲೆಂಡರಿನಲ್ಲಿ, ಅದೂ ಹಿಂದೆ ಒಬ್ಬರು ಕೂತಾಗ, ಹ್ಯಾಂಡಲ್ ಹಗುರಾಗಿ ತೇಲಾಡಿದಂತೆ ಅನಿಸುತ್ತದೆ. ಹಗುರ ಬೈಕಿನವರು ಬಾಕ್ಸನ್ನು ಸೀಟಿಗೆ ಆದಷ್ಟು ಒತ್ತಿ ಕೂರಿಸುವ ಕ್ಯಾರಿಯರನ್ನೇ ಆರಿಸಬೇಕು. ಪ್ಲೇಟಿನಲ್ಲಿ ಮುಂದೆ-ಹಿಂದೆ ಸರಿಸುವ ಉದ್ದ ತೂತುಗಳಿದ್ದರೆ ಅದು ದೊಡ್ಡ ಅನುಕೂಲ. ಹಿಂದಿನ ಶಾಕ್ ಅಬ್ಸಾರ್ಬರಿನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಒಂದು ಹಲ್ಲು ಏರಿಸಿ, ಟೈರಿನ ಗಾಳಿಯನ್ನು ಕೈಪಿಡಿಯಲ್ಲಿ ಇಬ್ಬರ ಸವಾರಿಗೆ ಹೇಳಿರುವ ಮಟ್ಟಕ್ಕೆ ತನ್ನಿ.

ಒಬ್ಬರೇ ಓಡಾಡುವ ಕ್ಲಾಸಿಕ್‌ನವರಿಗೆ ಇನ್ನೂ ಉತ್ತಮ ದಾರಿಯಿದೆ. ಹಿಂದಿನ ಸೀಟು ಪ್ರತ್ಯೇಕವಾಗಿ ಬಿಚ್ಚಿಬರುವುದರಿಂದ ಅದರ ಜಾಗಕ್ಕೇ ಕ್ಯಾರಿಯರ್ ಹಾಕಬಹುದು. ಭಾರ ಆಕ್ಸಲ್‌ನ ಹಿಂದಲ್ಲ, ಹೆಚ್ಚುಕಮ್ಮಿ ಅದರ ಮೇಲೇ ಕೂರುತ್ತದೆ. ಓಟ ಬದಲಾಗುವುದಿಲ್ಲ, ಬೋಲ್ಟಿನ ಮೇಲಿನ ಎಳೆತವೂ ಅತಿ ಕಡಿಮೆ. ಹಿಮಾಲಯನ್, ಎಕ್ಸ್‌ಪಲ್ಸ್ 200 ಇವಕ್ಕೆ ಕಂಪನಿಯಿಂದಲೇ ಹಿಂದೆ ಲಗೇಜ್ ಪ್ಲೇಟು ಬಂದಿರುತ್ತದೆ. ಬಾಕ್ಸಿನ ಬೇಸ್ ಪ್ಲೇಟನ್ನು ಅದಕ್ಕೆ ಸೇರಿಸಿದರೆ ಸಾಕು, ಬೇರೆ ಕ್ಯಾರಿಯರಿಗೆ ಹಣ ಸುರಿಯಬೇಡಿ. ಎರಕದ ಅಲ್ಯೂಮಿನಿಯಂ ಗ್ರ್ಯಾಬ್ ರೈಲ್ ಇರುವ ಬೈಕುಗಳಲ್ಲಿ ಮಾತ್ರ ಎಚ್ಚರ. ಆ ರೈಲಿಗೆ ಯು-ಕ್ಲಾಂಪ್ ಹಾಕಿ ಕ್ಯಾರಿಯರ್ ನಿಲ್ಲಿಸುವುದನ್ನು ಅಂಗಡಿಗಳಲ್ಲಿ ಸಲೀಸಾಗಿ ಮಾಡಿಕೊಡುತ್ತಾರೆ. ಎರಕದ ಲೋಹ ಬಗ್ಗುವುದಿಲ್ಲ, ಬಿರುಕು ಬಿಟ್ಟು ಒಂದೇ ಸಲ ತುಂಡಾಗುತ್ತದೆ. ಕ್ಯಾರಿಯರ್ ನೇರ ಫ್ರೇಮಿನ ಬೋಲ್ಟುಗಳಿಗೇ ಸೇರಬೇಕು, ನಡುವೆ ರೈಲ್ ಬರೀ ಅಂತರ ತುಂಬುವ ಸ್ಪೇಸರಿನಂತೆ ಇರಬೇಕು.

ಮಾಲಿನ ಗುಣಮಟ್ಟಕ್ಕೆ ಬಂದರೆ, ಪೈಪಿನ ಗೋಡೆ 16 ಗೇಜ್, ಅಂದರೆ 1.6 ಮಿ.ಮೀ.ಗಿಂತ ತೆಳುವಾಗಿರಬಾರದು. 18 ಗೇಜ್ ಎಂದರೆ 1.2 ಮಿ.ಮೀ.; ಅದು ಬಾಗುವ ಮೊದಲು ವೆಲ್ಡಿನ ಅಂಚಿನಲ್ಲಿ ಸೀಳುತ್ತದೆ. ಪೈಪಿನ ತುದಿ ನೋಡಿದರೆ ದಪ್ಪ ಗೊತ್ತಾಗುತ್ತದೆ. ತುದಿ ಮುಚ್ಚಿದ್ದರೆ ಬೋಲ್ಟಿನ ತೂತಿನೊಳಗೆ ನೋಡಿ. ಬೋಲ್ಟು ಪೈಪನ್ನು ಹಾದುಹೋಗುವಲ್ಲಿ ಒಳಗೊಂದು ಕೊಳವೆ ವೆಲ್ಡ್ ಮಾಡಿರಬೇಕು, ಇಲ್ಲವಾದರೆ ಬಿಗಿದಂತೆಲ್ಲ ಪೈಪು ಚಪ್ಪಟೆಯಾಗುತ್ತಾ ಹೋಗುತ್ತದೆ. ‘ಎಸ್‌ಎಸ್’ (ಸ್ಟೇನ್‌ಲೆಸ್ ಸ್ಟೀಲ್) ಎಂದು ಮಾರುವುದರಲ್ಲಿ 304 ಮತ್ತು 202 ಎಂಬ ಎರಡು ದರ್ಜೆಗಳಿವೆ. 202ರಲ್ಲಿ ನಿಕಲ್ ಕಡಿಮೆ, ಮಂಗಳೂರು-ಉಡುಪಿ ಕಡೆಯ ಉಪ್ಪುಗಾಳಿಗೆ ಬೇಗ ಕಂದುಕಲೆ ಹಿಡಿಯುತ್ತದೆ. ಅಯಸ್ಕಾಂತ ಹಿಡಿದು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯದು, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದೇ ದಾರಿ. ಒಳನಾಡಿನವರಿಗೆ ಪೌಡರ್ ಕೋಟಿಂಗ್ ಮಾಡಿದ ಎಂಎಸ್ (ಮಾಮೂಲಿ ಉಕ್ಕಿನ) ಪೈಪು ಧಾರಾಳವಾಗಿ ಸಾಕು.

ಹಾಕುವಾಗ ಮಾಡುವ ತಪ್ಪು ಹೆಚ್ಚಾಗಿ ಒಂದೇ: ಒಂದು ಬೋಲ್ಟನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗುವುದು. ಆಗ ನಾಲ್ಕನೆಯ ತೂತು ಸಾಲಿಗೆ ಬರುವುದಿಲ್ಲ, ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಾಕಿ ಮೀಟಿ ಕೂರಿಸುತ್ತಾನೆ, ಕ್ಯಾರಿಯರ್ ಅಂದಿನಿಂದಲೇ ತಿರುಚಿಕೊಂಡೇ ಇರುತ್ತದೆ. ನಾಲ್ಕನ್ನೂ ಕೈಯಿಂದ ಮೂರ್ನಾಲ್ಕು ಸುತ್ತು ಏರಿಸಿ, ಆಮೇಲೆ ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಕೈಪಿಡಿಯಲ್ಲಿ ಬೇರೆ ಅಂಕಿ ಇಲ್ಲದಿದ್ದರೆ ಎಂ6ಗೆ 10 ನ್ಯೂಟನ್ ಮೀಟರ್, ಎಂ8ಗೆ 22. ಗ್ರ್ಯಾಬ್ ರೈಲ್ ಜೊತೆ ಕ್ಯಾರಿಯರಿನ ಪಟ್ಟಿಯೂ ಸೇರಿದಾಗ ಹಳೆಯ ಬೋಲ್ಟು ಗಿಡ್ಡವಾಗುತ್ತದೆ. ಹಳೆಯದಕ್ಕಿಂತ ಪಟ್ಟಿಯ ದಪ್ಪದಷ್ಟು ಹೆಚ್ಚು ಉದ್ದವಿರುವ, 8.8 ಎಂಬ ಗಟ್ಟಿತನದ ದರ್ಜೆಯ ಹೊಸ ಬೋಲ್ಟು ಹಾಕಿ. ಎಂ8ಕ್ಕೆ ಕನಿಷ್ಠ 8 ಮಿ.ಮೀ. ಮರೆ ನಟ್ಟಿನೊಳಗೆ ಹೋಗಿರಬೇಕು. ಪೌಡರ್ ಕೋಟಿಂಗ್ ಬೋಲ್ಟಿನ ತಲೆಯಡಿ ಒತ್ತಿಹೋಗಿ ಬಿಗಿ ತಾನಾಗಿ ಇಳಿಯುವುದರಿಂದ, 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಯುವುದು ಕಡ್ಡಾಯ. ಆಮೇಲೆ ಬೋಲ್ಟಿನ ತಲೆಗೂ ಪಟ್ಟಿಗೂ ಸೇರಿಸಿ ಪೇಂಟಿನಿಂದ ಒಂದು ಗೆರೆ ಎಳೆದುಬಿಡಿ. ಗೆರೆ ಮುರಿದರೆ ಬೋಲ್ಟು ತಿರುಗಿದೆ ಎಂದು ನಿಂತಲ್ಲೇ ಕಾಣುತ್ತದೆ. ಸೀಟು ತೆರೆಯುತ್ತದೆಯೇ, ಸೀಟಿನ ಕೀಲಿತೂತು ಕೈಗೆ ಸಿಗುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ.

ಬಾಕ್ಸಿಲ್ಲದೆ ಬ್ಯಾಗನ್ನೇ ಕಟ್ಟುವವರು ಕೊಕ್ಕೆಯ ಎಲಾಸ್ಟಿಕ್ ಹಗ್ಗವನ್ನು ಬಿಟ್ಟು ಬಕಲ್ ಇರುವ ಪಟ್ಟಿ ಬಳಸಲಿ. ಎಳೆದ ಎಲಾಸ್ಟಿಕ್ಕಿನ ಕೊಕ್ಕೆ ಜಾರಿದರೆ ನೇರ ಕಣ್ಣಿಗೆ ಹಾರುತ್ತದೆ. ಪಟ್ಟಿಯ ಉಳಿದ ತುದಿಯನ್ನು ಸುತ್ತಿ ಸಿಕ್ಕಿಸಲೇಬೇಕು. ಅದು ಚೈನಿಗೋ ಸ್ಪೋಕಿಗೋ ಸಿಕ್ಕರೆ ಹಿಂದಿನ ಚಕ್ರ ಒಮ್ಮೆಲೇ ನಿಲ್ಲುತ್ತದೆ. ಲ್ಯಾಪ್‌ಟಾಪನ್ನು ಬರೀ ಕಬ್ಬಿಣದ ಕಂಬಿಗಳ ಮೇಲೆ ಮಲಗಿಸಿ ಕಟ್ಟಬೇಡಿ. ಬಾಕ್ಸಿನೊಳಗಾದರೂ ಅಡಿಯಲ್ಲಿ ಎರಡು ಸೆಂ.ಮೀ. ಫೋಮ್ ಹಾಕಿ ನಿಲ್ಲಿಸಿಡುವುದು ಒಳ್ಳೆಯದು.

ಕಾನೂನಿನ ವಿಷಯ ಎರಡು ಮೂರಿವೆ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಹಿಂಬದಿ ಸವಾರರಿಗೆ ಶಾಶ್ವತ ಹಿಡಿಕೆ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಭಾಗ ಮುಚ್ಚುವ ಗಾರ್ಡ್ ಇರಬೇಕು. ಕ್ಯಾರಿಯರ್ ಹಾಕಲೆಂದು ಗ್ರ್ಯಾಬ್ ರೈಲನ್ನೋ ಸ್ಯಾರಿ ಗಾರ್ಡನ್ನೋ ಬಿಚ್ಚಿ ಮನೆಯಲ್ಲಿಡಿ ಎಂದು ಹೇಳುವ ಅಂಗಡಿಯಿಂದ ಹೊರಬನ್ನಿ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ತಿದ್ದುಪಡಿಯಂತೆ ಬೈಕಿನ ಹಗುರ ಬಾಕ್ಸಿನ ಅಳತೆ ಉದ್ದ 550, ಅಗಲ 510, ಎತ್ತರ 500 ಮಿ.ಮೀ. ಮೀರುವಂತಿಲ್ಲ, ಅದನ್ನು ಹಿಂಬದಿ ಸೀಟಿನ ಜಾಗದಲ್ಲೇ ಇಟ್ಟರೆ ಸವಾರರೊಬ್ಬರೇ ಹೋಗಬೇಕು. ನಂಬರ್ ಪ್ಲೇಟು, ಹಿಂದಿನ ದೀಪ, ಇಂಡಿಕೇಟರು ಯಾವುದೂ ಮರೆಯಾಗಬಾರದು. ಬೈಕನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹತ್ತು ಹೆಜ್ಜೆ ಹಿಂದೆ ಸರಿದು, ನಿಂತೂ ಕೂತೂ ನೋಡಿದರೆ ಮರೆಯಾಗಿದೆಯೋ ಇಲ್ಲವೋ ತಿಳಿಯುತ್ತದೆ. ಲಾರಿ ಚಾಲಕರ ಎತ್ತರದಿಂದ ದೀಪ ಕಾಣದೆ ಹೋಗುವ ಕ್ಯಾರಿಯರುಗಳೂ ಇವೆ.

ಬಾಕ್ಸಿನ ಗಾತ್ರ ಆರಿಸುವಾಗ ಹೆಲ್ಮೆಟ್ಟನ್ನು ಜೊತೆಗೇ ಒಯ್ಯಿರಿ. ಫುಲ್ ಫೇಸ್ ಹೆಲ್ಮೆಟ್ ಒಂದು ಹಿಡಿಯಲು 29ರಿಂದ 33 ಲೀಟರಿನ ಬಾಕ್ಸ್ ಬೇಕಾಗುತ್ತದೆ. ಅದೇ ಬಾಕ್ಸಿನಲ್ಲಿ 15.6 ಇಂಚಿನ ಲ್ಯಾಪ್‌ಟಾಪ್ ಹೆಲ್ಮೆಟ್ ಜೊತೆ ಹಿಡಿಯುವುದಿಲ್ಲ. ಹಿಂಬದಿಯವರ ಹೆಲ್ಮೆಟ್ ಬೆಳಗ್ಗೆ ಬಾಕ್ಸಿನಲ್ಲಿ, ಲ್ಯಾಪ್‌ಟಾಪ್ ಬೆನ್ನಿಗೆ ಎಂಬ ಹೊಂದಾಣಿಕೆಯೇ ಹೆಚ್ಚಿನವರಿಗೆ ಒಗ್ಗುವುದು. ಎರಡನ್ನೂ ಹಿಡಿಯಲೆಂದು 45 ಲೀಟರಿಗೆ ಹೋದರೆ ಟ್ರಾಫಿಕ್ಕಿನಲ್ಲಿ ಗಾಡಿ ಅಗಲವಾಗುತ್ತದೆ, ಕಾಲೆತ್ತಿ ಹತ್ತುವುದೂ ಕಷ್ಟ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಬಾಕ್ಸ್ ಕಳಚಿ ಪ್ಲೇಟಿನಡಿಯ ಕೆಸರು ತೊಳೆಯಿರಿ. ವೆಲ್ಡಿನ ಅಂಚಿನಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಅದು ಬಣ್ಣ ಕಿತ್ತದ್ದಲ್ಲ, ಬಿರುಕು. ಆ ಬಿರುಕಿನ ಮೇಲೆಯೇ ಇನ್ನೊಂದು ವೆಲ್ಡ್ ಹಾಕಿಸಬೇಡಿ; ಹಳೆಯ ವೆಲ್ಡನ್ನು ಉಜ್ಜಿ ತೆಗೆದು, ಮೂಲೆಗೆ 3 ಮಿ.ಮೀ. ದಪ್ಪದ ತ್ರಿಕೋನ ಪಟ್ಟಿ ಕೂರಿಸಿ ಹೊಸದಾಗಿ ಬೆಸೆಯಬೇಕು. ಬೆಸೆಯುವ ಮುನ್ನ ಕ್ಯಾರಿಯರನ್ನು ಬೈಕಿನಿಂದ ಇಳಿಸಿಕೊಂಡೇ ಹೋಗಿ.